ಒಂದು ಗೇಣು ನಾಲ್ಕು ಬೆರಳು

ನಮ್ಮ ಊರಿನ ಪಡುವಣದ ಹುಲ್ಲುಗಾವಲಿಗೆ ಹೋಗುವವರು ಬಾಗಿಲಲ್ಲಿಯೇ ಒಂದು ಚೂರು ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳಬೇಕು. ಬೆಲ್ಲ ಕರಗುವವರೆಗೆ ನಾಲಿಗೆ ಸುಮ್ಮನಿರುತ್ತದೆ. ಕರಗುತ್ತ ಬಂತೆಂದರೆ ಹೊರಗೆ ಬಂದುಬಿಡಬೇಕು. ಮೂವತ್ತೊಂದು ವರ್ಷ ಆ ಬೆಲ್ಲದ ಡಬ್ಬಿ ನನ್ನ ಸುಪರ್ದಿಯಲ್ಲಿತ್ತು. ಡಬ್ಬಿ, ಅಳತೆಯ ಕೋಲು, ಹಳೆಯ ದುರ್ಬೀನು, ಬಾಗಿಲ ಬಳಿ ತಗಡಿನ ಒಂದು ಗುಡಿಸಲು, ಇಷ್ಟು ಸರಕಾರ ನನಗೆ ಕೊಟ್ಟದ್ದು. ಚಿಗರಿ ಎಂಬ ಕೃಷ್ಣಮೃಗಗಳ ಹಿಂಡು, ನರಿ, ತೋಳ, ಹಕ್ಕಿಗಳು ಶಿವನು ಕೊಟ್ಟದ್ದು. ಅವನ್ನು ಕಾಯುವುದು ನನ್ನ ಕೆಲಸ.

ಈ ಹುಲ್ಲುಗಾವಲಿಗೆ ನಾವು ಕಾವಲು ಎನ್ನುತ್ತೇವೆ. ಕಾವಲಿನಲ್ಲಿ ಆಡಿದ ಮಾತು ಕಾವಲಿನಲ್ಲಿಯೇ ಉಳಿಯುತ್ತದೆ. ಮಾತಾಡಿದ ಹೊತ್ತಿಗೆ ಆ ಜಾಗದಲ್ಲಿ ಹುಲ್ಲು ಎಷ್ಟು ಎತ್ತರ ಇತ್ತೋ, ಮರುವರ್ಷದ ಮಳೆಗೆ ಹೊಸ ಹುಲ್ಲು ಬೆಳೆದು ಅದೇ ಎತ್ತರ ಮುಟ್ಟಿದ ದಿನ, ಅದೇ ಹೊತ್ತಿಗೆ, ಆ ಮಾತು ಅದೇ ದನಿಯಲ್ಲಿ ಅಷ್ಟೇ ಜೋರಾಗಿ ಒಂದು ಸಲ ಹೊರಗೆ ಬರುತ್ತದೆ. ಮಳೆ ಕಡಿಮೆಯಾಗಿ ಹುಲ್ಲು ಆ ಎತ್ತರ ಮುಟ್ಟದಿದ್ದರೆ ಮಾತು ಇನ್ನೊಂದು ವರ್ಷ ಕಾಯುತ್ತದೆ. ಅದಕ್ಕಾಗಿಯೇ ನನ್ನ ಕೋಲಿನ ಮೇಲೆ ಬೆರಳು ಬೆರಳಿಗೆ ಒಂದು ಗೀರು. ಹನ್ನೆರಡು ಬೆರಳಿಗೆ ಒಂದು ಗೇಣು. ಯಾರಾದರೂ ಮರೆತು ಮಾತಾಡಿದರೆ ನಾನು ಆ ಜಾಗಕ್ಕೆ ಹೋಗಿ ಹುಲ್ಲಿನ ಅಳತೆ ತೆಗೆದು ಪುಸ್ತಕದಲ್ಲಿ ಬರೆದಿಡಬೇಕು. ಮರುವರ್ಷ ಆ ಹೊತ್ತಿಗೆ ಅಲ್ಲಿ ಚಿಗರಿಗಳು ಮೇಯುತ್ತಿದ್ದರೆ ಮೆಲ್ಲಗೆ ಆಚೆ ಸರಿಸಬೇಕು. ಒಮ್ಮೆ ಒಬ್ಬ ಪುಢಾರಿ ಕಾವಲಿನ ನಡುವೆ ನಿಂತು, ವರ್ಷದೊಳಗೆ ಹಳ್ಳಕ್ಕೆ ಸೇತುವೆ ಕಟ್ಟಿಸುತ್ತೇನೆಂದು ಗಟ್ಟಿಯಾಗಿ ಹೇಳಿದ್ದ. ಮರುವರ್ಷ ಜನ ಚಾಪೆ ಹಾಸಿಕೊಂಡು ಕುಳಿತು, ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಅದನ್ನು ಕೇಳಿದರು. ಅವನು ಈಗ ನಮ್ಮ ಊರಿಗೆ ಬಂದರೆ ಊರೊಳಗೂ ಬೆಲ್ಲ ಕೇಳುತ್ತಾನೆ ಎಂದು ನಗೆಯಾಡುತ್ತಾರೆ.

ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಅವರ ಮಾತು ಕಾವಲಿನಲ್ಲಿ ಎಲ್ಲಾದರೂ ಉಳಿದಿದೆಯೇ ಎಂದು ಮನೆಯವರು ನನ್ನ ಪುಸ್ತಕ ನೋಡಲು ಬರುತ್ತಾರೆ. ಇದ್ದರೆ, ಹುಲ್ಲು ಬೆಳೆಯುವವರೆಗೆ ಬಂದು ಬಂದು ವಿಚಾರಿಸುತ್ತಾರೆ. ಒಂದು ಕೆಮ್ಮು ಉಳಿದಿದ್ದರೂ ಬಂದು ಕೇಳಿ ಹೋದವರನ್ನು ನಾನು ನೋಡಿದ್ದೇನೆ.

ನನ್ನ ಹೆಂಡತಿ ಚನ್ನಮಲ್ಲವ್ವ ನನ್ನ ನೌಕರಿ ಮುಗಿಯುವ ಹಿಂದಿನ ವರ್ಷ ಲಿಂಗೈಕ್ಯಳಾದಳು. ಮಗಳು ದಾಕ್ಷಾಯಿಣಿ ಗಣಾರಾಧನೆ ಮುಗಿದ ಮೂರನೆಯ ದಿನವೇ ನನ್ನನ್ನು ಕೇಳಿದಳು.

"ಅಪ್ಪಾ, ಅವ್ವನ ಮಾತು ಪುಸ್ತಕದಾಗ ಎಲ್ಲ್ಯಾರ ಐತೇನು?"

"ಇಲ್ಲವ್ವ," ಎಂದೆ. "ನಿಮ್ಮವ್ವ ಒಳಗ ಬಂದು ಬಾಯಿ ತಗದಾಕಿ ಅಲ್ಲ."

ಪುಸ್ತಕದಲ್ಲಿ ಇರಲಿಲ್ಲವೆಂಬುದು ನಿಜ. ನಾನು ಬರೆದಿರಲಿಲ್ಲ.

ಚನ್ನಮಲ್ಲವ್ವ ದಿನವೂ ಮಧ್ಯಾಹ್ನ ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಬುತ್ತಿ ತರುತ್ತಿದ್ದಳು. ನಾನು ಇರುವಲ್ಲಿಗೆ ಬಂದು, ಹತ್ತಿರದ ಕಲ್ಲಿನ ಮೇಲೆ ಬುತ್ತಿ ಇಟ್ಟು, ಕೈಸನ್ನೆ ಮಾಡಿ ಹೋಗುತ್ತಿದ್ದಳು. ಮೂವತ್ತು ವರ್ಷ ಹಾಗೆ ನಡೆಯಿತು. ಆ ವರ್ಷದ ಶ್ರಾವಣದ ಎರಡನೆಯ ಸೋಮವಾರ ಮಾತ್ರ ಅವಳು ಬೆಲ್ಲವನ್ನು ಸೆರಗಿಗೆ ಉಗುಳಿ ಮಾತಾಡಿದಳು. ಅಂದು ನಾನು ಒಂದು ಎರೆಭೂತವನ್ನು ನೋಡುತ್ತ ಹುಲ್ಲಿನಲ್ಲಿ ಕುಳಿತಿದ್ದೆ. ಅದು ಮನುಷ್ಯನ ಸೊಂಟದ ಎತ್ತರದ, ಬಿಳಿಯ ಕೊರಳಿನ ಭಾರವಾದ ಹಕ್ಕಿ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಹದಿನೆಂಟು ಇದ್ದವು. ಒಂಬತ್ತು ವರ್ಷಗಳಿಂದ ಒಂದೂ ಕಂಡಿರಲಿಲ್ಲ. ಅಂದು ಕಂಡಿತ್ತು. ಅವಳ ದನಿಗೆ ಅದು ಎದ್ದು ಹಾರಿತು.

ಅವಳು ತನ್ನ ಮೈಗೆ ಸರಿಯಿಲ್ಲವೆಂದು ಹೇಳಿದ್ದಳು. ನಾಳೆ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗಿರೆಂದು ಕೇಳಿದ್ದಳು. ನಾನು ಎದ್ದು ನಿಂತು, ಆಡಬಾರದ ಮಾತನ್ನು ಕೂಗಿ ಆಡಿ, ಹಕ್ಕಿ ಹಾರಿದ ದಿಕ್ಕಿಗೆ ಓಡಿದೆ. ತಿರುಗಿ ನೋಡಲಿಲ್ಲ. ಸಂಜೆ ಬಂದಾಗ ಬುತ್ತಿ ಕಲ್ಲಿನ ಮೇಲೆ ಇತ್ತು. ಕೈಗೆ ಹತ್ತಿದ ಅಭ್ಯಾಸದಿಂದ ಅಳತೆ ತೆಗೆದೆ. ಒಂದು ಗೇಣು ನಾಲ್ಕು ಬೆರಳು. ಕೋಲಿನ ಆ ಗೀರಿಗೆ ಒಂದು ಕೆಂಪು ದಾರ ಕಟ್ಟಿದೆ. ಬರೆಯಲು ಪುಸ್ತಕ ತೆರೆದವನು ಮುಚ್ಚಿಬಿಟ್ಟೆ.

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಬಡಿಯುತ್ತ ಒಂದು ಕಡೆಗೆ ವಾಲಿದಳು. ಎದೆ ನಿಂತುಹೋಗಿತ್ತು.

ದಾಕ್ಷಾಯಿಣಿ ಊರಿನ ದವಾಖಾನೆಯಲ್ಲಿ ನರ್ಸು. ಗಂಡನ ಮನೆ ಎರಡು ಓಣಿ ಆಚೆಗೆ. ತಾಯಿ ಹೋದ ಮೇಲೆ ದಿನವೂ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಬಂದು ನನಗೆ ಎರಡು ರೊಟ್ಟಿ ಮಾಡಿಟ್ಟು, ಕಾವಲಿನ ಡಬ್ಬಿಗೆ ಬೆಲ್ಲ ಜಜ್ಜಿಕೊಟ್ಟು ಹೋಗುತ್ತಿದ್ದಳು. ಬಂದಾಗಲೆಲ್ಲ ಒಂದೇ ಮಾತು. "ಊರ ಮಂದಿದೆಲ್ಲ ನಾಡಿ ಹಿಡಿದು ನೋಡತೀನಿ. ನಮ್ಮವ್ವನ ಮಾರಿ ನೋಡಿ ನನಗ ತಿಳೀಲಿಲ್ಲ. ಒಂದ ಸಲ ಹೇಳಿದ್ದರ! ಯಾರಿಗೂ ಹೇಳದಂಗ ಹೋದಳು." ನಾನು ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ.

ಮರುವರ್ಷ ಮುಂಗಾರು ಬೇಗ ಬಂತು. ಕಾವಲು ಹಸಿರಾದಾಗ ಎಲ್ಲರಿಗೂ ಹಿಗ್ಗು. ನನ್ನ ಕಣ್ಣು ಕೋಲಿನ ಕೆಂಪು ದಾರದ ಮೇಲೆ. ಆ ಜಾಗ ದನ ದಾಟುವ ಹಾದಿಯಿಂದ ದೂರವಿಲ್ಲ. ನಾನು ಕೂಗಿದ್ದು ಸಣ್ಣ ದನಿಯಲ್ಲಲ್ಲ. ಯಾರಾದರೂ ಕೇಳಿದರೆ ಮಗಳ ಕಿವಿಗೆ ಹೋಗಲು ಒಂದು ತಾಸೂ ಬೇಡ. ಹುಲ್ಲು ಆ ಎತ್ತರ ಮುಟ್ಟದಂತೆ ಮಾಡಲು ಒಂದೇ ದಾರಿ ಇತ್ತು.

ನನ್ನ ಗುಡಿಸಲಿನ ಗೋಡೆಗೆ ಹದಿನಾಲ್ಕು ಕುಡಗೋಲುಗಳು ತೂಗುಬಿದ್ದಿದ್ದವು. ಕಾವಲಿನ ಹುಲ್ಲನ್ನು ಕೊಯ್ಯುತ್ತಿದ್ದವರಿಂದ ನಾನು ಕಿತ್ತುಕೊಂಡವು. ಒಂದು ಹಿಡಿ ಕೊಯ್ದರೂ ಬಿಟ್ಟವನಲ್ಲ. ಅವುಗಳಲ್ಲಿ ಹಿಡಿಗೆ ಹಳದಿ ಬಟ್ಟೆ ಸುತ್ತಿದ್ದೊಂದು ಬಸಲಿಂಗವ್ವನದು. ಈನಿದ ಎಮ್ಮೆಗೆಂದು ಒಂದು ಮಡಿಲು ಹುಲ್ಲು ಕೊಯ್ದದ್ದಕ್ಕೆ ಕಿತ್ತುಕೊಂಡಿದ್ದೆ. ಹನ್ನೊಂದು ವರ್ಷವಾದರೂ ಆ ಮುದುಕಿ ಬಾಗಿಲ ಮುಂದೆ ಹಾದುಹೋಗುವಾಗ, "ಐನಾರ, ನನ್ನ ಕುಡಗೋಲ ಆರಾಮ ಐತೇನ್ರಿ? ಉಂಡೈತೇನ್ರಿ?" ಎಂದು ಕೇಳದೆ ಹೋಗುವವಳಲ್ಲ. ಅದೇ ಹಗುರಾಗಿತ್ತು. ಅದನ್ನೇ ತೆಗೆದುಕೊಂಡೆ. ಎಂಟು ದಿನಕ್ಕೊಮ್ಮೆ ಹೋಗಿ ಒಂದು ಕೋಣೆಯಷ್ಟು ಜಾಗದ ಹುಲ್ಲನ್ನು ಬುಡದವರೆಗೆ ಕೊಯ್ದು, ಕೊಯ್ದದ್ದನ್ನು ದೂರ ಚೆಲ್ಲಿ ಬರುತ್ತಿದ್ದೆ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಅಂಗೈಗೆ ಹಸಿ ಹುಲ್ಲಿನ ವಾಸನೆ. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಐದನೆಯ ಸಲ ಹೋದದ್ದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ. ಕೋಲನ್ನು ನೆಲಕ್ಕೆ ಊರಿ ಬಾಗಿದೆ. ಹತ್ತು ಹೆಜ್ಜೆ ಆಚೆ ಹುಲ್ಲೊಳಗಿನಿಂದ ಬಿಳಿಯ ಕೊರಳು ಮೇಲಕ್ಕೆ ಬಂತು. ಎರೆಭೂತ. ಅದು ನನ್ನನ್ನು ನೋಡುತ್ತ ನೋಡುತ್ತ, ಆತುರವಿಲ್ಲದೆ, ಹುಲ್ಲಿನೊಳಗೆ ಸರಿದುಹೋಯಿತು. ನನ್ನ ಕಾಲ ಬಳಿ, ನಾನೇ ಬೋಳಿಸಿದ ನೆಲದ ಮೇಲೆ, ಒಂದು ತತ್ತಿ ಇತ್ತು. ಮಣ್ಣಿನ ಬಣ್ಣ, ಮೇಲೆ ಕಂದು ಕಲೆ. ಆ ಹಕ್ಕಿಗೆ ಎತ್ತರದ ಹುಲ್ಲು ಸೇರುವುದಿಲ್ಲ. ನಾಲ್ಕೂ ದಿಕ್ಕು ಕಾಣುವ ಬಯಲು ಬೇಕು. ಒಂಬತ್ತು ವರ್ಷ ಇಡೀ ಕಾವಲನ್ನು ಕಾದು ನಾನು ಕೊಡಲಾಗದ ಜಾಗವನ್ನು, ನನ್ನ ತಪ್ಪು ಮುಚ್ಚಿಕೊಳ್ಳಲು ಕೊಯ್ದು ಕೊಟ್ಟಿದ್ದೆ.

ಕುಡಗೋಲನ್ನು ಪಂಚೆಯಲ್ಲಿ ಮುಚ್ಚಿಕೊಂಡು ಹಿಂದೆ ಹಿಂದೆ ಸರಿದೆ. ನೂರು ಹೆಜ್ಜೆ ದೂರದ ಜಾಲಿಯ ಗಿಡದ ಕೆಳಗೆ ಬಂದ ಮೇಲೆ ಕೈಯಲ್ಲಿ ಕೋಲಿಲ್ಲವೆಂದು ತಿಳಿಯಿತು. ಅದು ತತ್ತಿಯಿಂದ ಒಂದು ಮೊಳ ಆಚೆಗೆ ನೆಟ್ಟಗೆ ನಿಂತಿತ್ತು. ಕೆಂಪು ದಾರ ಗಾಳಿಗೆ ಅಲುಗುತ್ತಿತ್ತು. ಒಂದು ತಾಸು ಅಲ್ಲಿಯೇ ಕುಳಿತೆ. ಹಕ್ಕಿ ಮರಳಿ ಬಂದು ಕಾವಿಗೆ ಕೂತಿತು.

ನಮ್ಮ ಫಾರೆಸ್ಟರ್ ದಸ್ತಗೀರ್ ಸಾಹೇಬರು ಇನ್ನೂ ಹುಡುಗು ಮನಸ್ಸಿನವರು. ಬಾಗಿಲ ಹೊರಗೆ ನಾನು ವಿಷಯ ಹೇಳಿದೊಡನೆ ನನ್ನ ಎರಡೂ ಕೈ ಹಿಡಿದುಕೊಂಡರು. ಒಳಗೆ ಬಂದು ದುರ್ಬೀನಿನಲ್ಲಿ ನೋಡಿ, ಮತ್ತೆ ಹೊರಗೆ ಓಡಿಬಂದು ಬೆಲ್ಲ ಉಗುಳಿದರು.

"ಅಜ್ಜಾರ, ಯಾವನೋ ಕಳ್ಳ ಅಲ್ಲಿ ಹುಲ್ಲ ಕೊಯ್ದಾನ್ರಿ. ಅದಕ್ಕ ಹಕ್ಕಿ ಬಂದೈತಿ. ಸಿಕ್ಕರ ಮೊದಲ ಅವಗ ಹಾರ ಹಾಕತೀನಿ. ಆಮ್ಯಾಲ ಕೇಸ್ ಹಾಕತೀನಿ!"

ನಾನು ನಗಲು ಪ್ರಯತ್ನಿಸಿದೆ.

"ನಿಮ್ಮ ಕೋಲ ಯಾಕ್ರೀ ಅಲ್ಲೇ ಐತಿ? ಆ ಕೆಂಪ ದಾರ ಯಾರ ಮಾತಿಂದು?"

"ಹಳೇದ್ರಿ ಸಾಹೇಬ್ರ," ಎಂದೆ. "ಅವಸರದಾಗ ಬಿಟ್ಟು ಬಂದೆ."

"ಬಿಡ್ರಿ, ಇರಲಿ. ಯಾರೂ ಹತ್ತಿರ ಹೋಗೂದು ಬ್ಯಾಡ, ನೀವೂ ಸೈತ. ನಿಮ್ಮನ್ನ ನೋಡಿ ಒಂದ ಸಲ ಎದ್ದೈತಿ. ಇನ್ನೊಂದ ಸಲ ಬೆದರಿ ಎದ್ದರ ಮತ್ತ ಬರೂದಿಲ್ಲ. ಇಪ್ಪತ್ನಾಕ ದಿನ ಕಾಯ್ರಿ ಅಜ್ಜಾರ. ನಿಮ್ಮ ನೌಕರಿ ಮುಗಿಯೂದರಾಗ ಒಂದ ಮರಿ ನೋಡೂಣು."

ಜಾಲಿಯ ಗಿಡದ ಕೆಳಗೆ ಕುಳಿತು ದುರ್ಬೀನಿನಲ್ಲಿ ಕೋಲನ್ನು ನೋಡಿದೆ. ಹುಲ್ಲು ಆರು ಬೆರಳು ಇತ್ತು. ಇನ್ನು ಹತ್ತು ಬೆರಳು ಬೆಳೆದರೆ ಕೆಂಪು ದಾರ. ಮಳೆ ಬಿಟ್ಟರೆ ನಮ್ಮ ಕರಡದ ಹುಲ್ಲು ನಾಲ್ಕು ದಿನಕ್ಕೆ ಒಂದು ಬೆರಳು ಏರುತ್ತದೆ. ಹಿಡಿದರೆ ಒಂದೂವರೆ ದಿನಕ್ಕೆ ಒಂದು. ಮಳೆ ಹಿಡಿದರೆ ಹದಿನೈದು ದಿನದಲ್ಲಿ, ತತ್ತಿ ಒಡೆಯುವುದಕ್ಕೆ ಮೊದಲು, ನನ್ನ ಕೂಗು ಆ ಹಕ್ಕಿಯ ರೆಕ್ಕೆಯ ಬುಡದಲ್ಲಿಯೇ ಏಳುತ್ತದೆ. ಕೊಯ್ಯಲು ಹೋಗುವಂತಿಲ್ಲ. ಕೊಯ್ಯದೆ ಇರುವಂತಿಲ್ಲ.

ಆ ದಿನಗಳಲ್ಲಿ ನಾನು ಮಾಡಿದ ಪ್ರಾರ್ಥನೆಯನ್ನು ಬರೆಯಲು ನಾಚಿಕೆಯಾಗುತ್ತದೆ. ಅಂಗೈಯಲ್ಲಿ ಲಿಂಗ ಹಿಡಿದು, ಊರೆಲ್ಲ ಹಾತೊರೆಯುವ ಮಳೆಯನ್ನು ತಡೆ ಎಂದು ಬೇಡಿದೆ. ಎರಡು ದಿನ ಶಿವನು ನನ್ನ ಮಾತು ನಡೆಸಿದ. ಮೂರನೆಯ ದಿನ ಬೆಳಿಗ್ಗೆ ಪತ್ರಿ ಏರಿಸುತ್ತಿರುವಾಗ ಮನೆಯ ತಗಡಿನ ಮೇಲೆ ಮೊದಲ ಹನಿ ಬಿತ್ತು. ಓಣಿಯ ಮಕ್ಕಳು ಕೇಕೆ ಹಾಕಿದರು. ಅಲ್ಲಿಂದ ಮುಂದೆ ದಿನ ಬಿಟ್ಟು ದಿನ ಮಳೆ. ಏಳು ಬೆರಳು. ಒಂಬತ್ತು. ಹನ್ನೊಂದು. ಊಟ ಸೇರಲಿಲ್ಲ. ದುರ್ಬೀನು ಒತ್ತಿ ಒತ್ತಿ ಕಣ್ಣಿನ ಸುತ್ತ ಕಪ್ಪಾಯಿತು.

ಬಸಲಿಂಗವ್ವ ಒಂದು ದಿನ ಮಳೆಗೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಬಂದು ಗುಡಿಸಲಿನ ಬಾಗಿಲಲ್ಲಿ ನಿಂತಳು. ಗೋಡೆಯ ಕಡೆಗೆ ನೋಡಿದಳು.

"ಐನಾರ, ಎಲ್ಲಾ ಕುಡಗೋಲ ತುಕ್ಕ ಹಿಡದಾವು. ನಂದೊಂದ ಹೊಳೀತೈತಿ. ಸಾಣಿ ಹಿಡಿಸೀರೇನ್ರಿ?"

ಅವಳು ಒಳಗೆ ಬಂದು ಕುಡಗೋಲಿನ ಅಲಗಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಮೂಗಿಗೆ ಹಿಡಿದಳು.

"ಹನ್ನೊಂದ ವರ್ಷ ನನ್ನ ಕಳ್ಳಿ ಅಂದ್ರಿ," ಎಂದಳು. ದನಿಯಲ್ಲಿ ನಗೆ ಇತ್ತು, ಆದರೆ ನನ್ನ ಮುಖ ನೋಡಿ ಅದು ಕುಗ್ಗಿತು. "ಯಾರ ಮಾತ್ರಿ ಅದು? ಚನ್ನಮಲ್ಲವ್ವಂದ?"

"ನಂದು," ಎಂದೆ.

ಅವಳು ನೆಲದ ಮೇಲೆ ಕುಳಿತಳು. "ಹುಲ್ಲ ಕೊಯ್ದರ ಮಾತ ಸಾಯ್ತದೇನ್ರಿ? ಬಾಯಿಗೆ ತಗೋಳ್ರಿ. ಅದೊಂದ ದಾರಿ ಐತಲ್ಲ."

ಬಾಯಿಗೆ ತೆಗೆದುಕೊಳ್ಳುವುದೆಂದರೆ ನಮ್ಮ ಊರಿನ ಹಳೆಯ ರೂಢಿ. ಕಾವಲಿನಲ್ಲಿ ಆಡಿದ ಮಾತನ್ನು ಆಡಿದವನೇ, ಹುಲ್ಲು ಹೇಳುವ ಮೊದಲು, ಕೇಳಿದವರ ಎದುರಿಗೆ ಕುಳಿತು ತನ್ನ ಬಾಯಿಂದ ಇನ್ನೊಮ್ಮೆ ಹೇಳಬೇಕು. ಒಂದು ಅಕ್ಷರವನ್ನೂ ಮೆತ್ತಗೆ ಮಾಡಬಾರದು. ಅವರು "ಕೇಳೀನಿ" ಎನ್ನಬೇಕು. ಆಗ ಹುಲ್ಲು ಆ ಮಾತನ್ನು ಬಿಟ್ಟುಕೊಡುತ್ತದೆ. ಅವರು ಇಲ್ಲವಾಗಿದ್ದರೆ ಅವರ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಹೇಳಬೇಕು. ಮೂವತ್ತೊಂದು ವರ್ಷದಲ್ಲಿ ಇದು ಫಲಿಸಿದ್ದನ್ನು ಎರಡು ಸಲ ನೋಡಿದ್ದೇನೆ. ಮತ್ತೊಂದು ಸಲ ಫಲಿಸಲಿಲ್ಲ; ಒಬ್ಬ ತನ್ನ ತಮ್ಮನಿಗೆ ಬೈದದ್ದರಲ್ಲಿ ಒಂದು ಶಬ್ದ ನುಂಗಿ ಹೇಳಿದ. ಹುಲ್ಲು ಇಡಿಯಾಗಿ ಹೇಳಿತು.

ಮರುದಿನ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತೆ. ದಾಕ್ಷಾಯಿಣಿ ರೊಟ್ಟಿ ಬಡಿಯುತ್ತಿದ್ದಳು.

"ಹಕ್ಕಿ ತತ್ತಿ ಇಟ್ಟೈತಿ," ಎಂದೆ.

"ಊರಿಗೆಲ್ಲ ಗೊತ್ತೈತಿ ಬಿಡಪ್ಪಾ. ದಸ್ತಗೀರ ಸಾಹೇಬ್ರು ಚಾದಂಗಡಿಯಾಗ ಪೇಢೆ ಹಂಚ್ಯಾರ."

"ಅದು ಕುಂತ ಜಾಗಾದಾಗ ಒಂದ ಮಾತ ಐತಿ."

"ಯಾರದು?"

"ನಂದು. ನಿಮ್ಮವ್ವಗ ಅಂದದ್ದು. ನಿಮ್ಮವ್ವಂದೂ ಐತಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ. ಸೋಮವಾರದ ದಿನ, ಹಕ್ಕಿ, ಅವಳು ಬೆಲ್ಲ ಉಗುಳಿದ್ದು, ಕೆಂಪು ದಾರ, ಕುಡಗೋಲು. ಅವಳು ಅಳಲಿಲ್ಲ. ದವಾಖಾನೆಯಲ್ಲಿ ರೋಗಿಯ ಕಡೆಯವರನ್ನು ಕೇಳುವ ದನಿಯಲ್ಲಿ ಕೇಳಿದಳು.

"ಎಡಗೈ ಅಂದಳೇನು?"

"ಹೌದು. ಎಡಗೈ ಜಡ ಆಗೇತಿ, ಎದಿ ಬಿಗೀತೈತಿ ಅಂದಳು."

"ಎಷ್ಟ ದಿನದಿಂದ?"

"ಎರಡ ದಿನ. ಮಗಳಿಗಿ ಹೇಳಬ್ಯಾಡ್ರಿ, ಅಂಜತಾಳ ಅಂದಳು."

"ಬೆವರತೈತಿ ಅಂದಳೇನು?"

"ಅನ್ನಲಿಲ್ಲ. ಬೆವತಿದ್ದಳು. ಬಿಸಲಿಗಿ ಅಂತ ತಿಳಕೊಂಡೆ."

"ಇಪ್ಪತ್ತಮೂರ ದಿನ ಇತ್ತಪ್ಪಾ," ಎಂದಳು. "ಇಪ್ಪತ್ತಮೂರ ದಿನ." ನನ್ನ ಕಡೆಗೆ ತಿರುಗಿ, "ನೀ ಏನಂದಿ?"

"ಕೆಲಸ ಐತಿ, ಆಗೂದಿಲ್ಲ ಅಂದೆ."

"ಇಷ್ಟ ಅಂದಿದ್ದರ ನೀ ಕುಡಗೋಲ ಹಿಡೀತಿರಲಿಲ್ಲ."

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅವಳು ಅದನ್ನು ತೆಗೆಯಲಿಲ್ಲ. ನಾನು ಕೊರಳಿನ ಲಿಂಗವನ್ನು ಹಿಡಿದುಕೊಂಡು ಆ ಮಾತನ್ನು ಇದ್ದಂತೆ ಹೇಳಿದೆ. "ದಿನಾ ಒಂದ ಬ್ಯಾನಿ ನಿಂದು. ಸಾಯೂದಿದ್ದರ ಮನ್ಯಾಗ ಸಾಯಿ, ನನ್ನ ಹಕ್ಕಿ ಹಾರಿಸಬ್ಯಾಡ."

ಕೂಗಿ ಹೇಳಿದಾಗ ಅದು ಒಂದು ಕ್ಷಣದ ಮಾತಾಗಿತ್ತು. ಮೆಲ್ಲಗೆ ಹೇಳಿದಾಗ ಮುಗಿಯಲೇ ಒಲ್ಲದು. ಚನ್ನಮಲ್ಲವ್ವ ನಾನು ಹೇಳಿದಂತೆಯೇ ಮಾಡಿದ್ದಳು. ಮನೆಯಲ್ಲಿಯೇ, ಈಗ ಮಗಳು ಕುಳಿತ ಜಾಗದಲ್ಲಿಯೇ.

ದಾಕ್ಷಾಯಿಣಿ ಕೈಗೆ ಹತ್ತಿದ ಹಿಟ್ಟನ್ನು ಒಂದೊಂದು ಬೆರಳಿನಿಂದ ಉಜ್ಜಿ ತೆಗೆದಳು. "ಒಂದ ವರ್ಷ ನನ್ನ ನಾನ ಬೈಕೊಂಡೀನಿ. ನೀ ಎದರಿಗೆ ಕುಂತು ರೊಟ್ಟಿ ತಿಂದಿ." ಎದ್ದು ಚಪ್ಪಲಿ ಮೆಟ್ಟಿಕೊಂಡವಳು ಅಂಗಳದಿಂದ ತಿರುಗಿ ನಿಂತಳು. "ಇವತ್ತರ ಯಾಕ ಹೇಳಿದಿ? ಅವ್ವನ ಸಲುವಾಗಿ ಅಲ್ಲ. ನನ್ನ ಸಲುವಾಗಿ ಅಲ್ಲ. ಹಕ್ಕಿ ಸಲುವಾಗಿ ಹೇಳಿದಿ. ಅವತ್ತೂ ನಿನಗ ಹಕ್ಕಿನ ಇತ್ತು, ಇವತ್ತೂ ಹಕ್ಕಿನ ಐತಿ."

"ಕೇಳೀನಿ" ಎನ್ನದೆ ಹೋದಳು. ನಾನು ಕೇಳಿಕೊಳ್ಳಲಿಲ್ಲ. ಕೇಳುವ ಬಾಯಿ ನನಗೆ ಉಳಿದಿರಲಿಲ್ಲ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಡಬ್ಬಿಯಲ್ಲಿ ಬೆಲ್ಲ ತಳ ಕಂಡಿತು. ಹುಲ್ಲು ಹದಿಮೂರು ಬೆರಳಾಯಿತು, ಹದಿನಾಲ್ಕಾಯಿತು. ಹಕ್ಕಿಯ ಬೆನ್ನು ಹುಲ್ಲಿನಲ್ಲಿ ಮುಳುಗಿ ಕೊರಳಷ್ಟೇ ಕಾಣತೊಡಗಿತು. ದಸ್ತಗೀರ್ ಸಾಹೇಬರು ಮೇಲಿನ ಕಚೇರಿಗೆ ಹೋಗುವ ಮುನ್ನ, "ಇನ್ನ ಹತ್ತ ದಿನ ಅಜ್ಜಾರ, ಗಟ್ಟಿ ಇರ್ರಿ," ಎಂದು ಹೇಳಿ ಹೋದರು. ಮಗಳ ಮನೆಯ ಓಣಿಯ ತಿರುವಿನವರೆಗೆ ಎರಡು ಸಲ ಹೋಗಿ ಎರಡು ಸಲವೂ ಹಿಂತಿರುಗಿದೆ. ಹೋಗಿ ಏನು ಹೇಳಲಿ? ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ತತ್ತಿ ಇಲ್ಲದಿದ್ದರೆ ನಾನು ಸಾಯುವವರೆಗೂ ಹುಲ್ಲು ಕೊಯ್ಯುತ್ತಲೇ ಇರುತ್ತಿದ್ದೆ.

ಹದಿನಾರನೆಯ ದಿನ ಬೆಳಿಗ್ಗೆ ದುರ್ಬೀನಿನಲ್ಲಿ ನೋಡಿದೆ. ಹುಲ್ಲಿನ ತುದಿ ಕೆಂಪು ದಾರವನ್ನು ಮುಟ್ಟಿತ್ತು. ನಾವು ಮಾತಾಡಿದ್ದು ಮಧ್ಯಾಹ್ನ ಬುತ್ತಿಯ ಹೊತ್ತಿಗೆ. ಬಾಗಿಲಿಗೆ ಬಂದು, ಹಾದುಹೋಗುತ್ತಿದ್ದ ಬಸಲಿಂಗವ್ವನಿಗೆ ಇಂದೇ ಎಂದು ಹೇಳಿ, ಯಾರನ್ನೂ ಒಳಗೆ ಬಿಡದೆ, ಬಿಸಿಲು ಏರುವುದನ್ನು ನೋಡುತ್ತ ಕುಳಿತೆ.

ಹನ್ನೊಂದೂವರೆಗೆ ದಾಕ್ಷಾಯಿಣಿ ಬಂದಳು. ದವಾಖಾನೆಯ ಬಿಳಿ ಸೀರೆಯಲ್ಲಿಯೇ ಇದ್ದಳು. ಕೈಯಲ್ಲಿ ಬೆಲ್ಲದ ಪೊಟ್ಟಣ. ನನ್ನ ಮುಖ ನೋಡಲಿಲ್ಲ. ಡಬ್ಬಿಗೆ ಬೆಲ್ಲ ಸುರಿದು, ಒಂದು ಚೂರನ್ನು ಬೆರಳಲ್ಲಿ ಹಿಡಿದು ನಿಂತಳು.

"ಬಸಲಿಂಗವ್ವ ಹೇಳಿದಳು, ಇವತ್ತ ಅಂತ," ಎಂದಳು. ಮತ್ತೆ ಕೆಳದನಿಯಲ್ಲಿ, "ಕೇಳೀನಿ," ಎಂದು ಬೆಲ್ಲವನ್ನು ಬಾಯಿಗೆ ಹಾಕಿಕೊಂಡಳು.

ಜಾಲಿಯ ಗಿಡದ ಕೆಳಗೆ ಒಂದು ಮೊಳ ಅಂತರದಲ್ಲಿ ಕುಳಿತೆವು. ಗಾಳಿ ಇರಲಿಲ್ಲ. ನೂರು ಹೆಜ್ಜೆ ಆಚೆ ಬಿಳಿಯ ಕೊರಳು ಕದಲದೆ ನಿಂತಿತ್ತು. ಅವಳು "ಕೇಳೀನಿ" ಎಂದದ್ದು ಸಾಕೆ, ತಡವಾಯಿತೆ, ನಾನು ಯಾವುದಾದರೂ ಶಬ್ದ ಬಿಟ್ಟೆನೆ, ಮೊದಲು ಮೆತ್ತಗೆ ಮಾಡಿ ಹೇಳಿದ್ದು ಲೆಕ್ಕಕ್ಕೆ ಬರುತ್ತದೆಯೆ? ಹತ್ತು ಸಲ ಆ ಮಾತನ್ನು ಮನಸ್ಸಿನಲ್ಲಿ ಹೊರಳಿಸಿ ನೋಡಿದೆ.

ಆಗ ಚನ್ನಮಲ್ಲವ್ವನ ದನಿ ಬಂತು.

ಸಣ್ಣ ದನಿ. ಆಕೆ ಎಂದೂ ಜೋರಾಗಿ ಮಾತಾಡಿದವಳಲ್ಲ. ಅಷ್ಟು ದೂರಕ್ಕೆ ಮಾತು ತಿಳಿಯಲಿಲ್ಲ, ದನಿ ಮಾತ್ರ ತಿಳಿಯಿತು. ನಡುನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿತ್ತು. ಅಂದು ಎದುರಿಗೆ ನಿಂತಾಗ ನಾನು ಆ ನಿಲ್ಲುವಿಕೆಯನ್ನು ಕೇಳಿಸಿಕೊಂಡಿರಲಿಲ್ಲ. ದಾಕ್ಷಾಯಿಣಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಹಕ್ಕಿ ಕೊರಳನ್ನು ಇನ್ನಷ್ಟು ಎತ್ತಿ, ತಲೆಯನ್ನು ಓರೆ ಮಾಡಿತು. ಏಳಲಿಲ್ಲ.

ದನಿ ನಿಂತಿತು. ಇನ್ನು ನನ್ನ ಸರದಿ. ಕಣ್ಣು ಮುಚ್ಚಿ ಶಿವನ ಹೆಸರು ಹಿಡಿದೆ. ಏನೂ ಬರಲಿಲ್ಲ. ಆ ಕೂಗು ಇರಬೇಕಾದ ಜಾಗದಲ್ಲಿ ಮಿಡತೆಗಳ ಸದ್ದು ಇತ್ತು. ಕಣ್ಣು ತೆರೆದಾಗ ಹಕ್ಕಿ ತಲೆ ತಗ್ಗಿಸಿ ತತ್ತಿಯನ್ನು ಕೆಳಗೆ ಸರಿಪಡಿಸಿಕೊಳ್ಳುತ್ತಿತ್ತು. ಮುಗಿಯಿತೆಂದುಕೊಂಡೆ.

ಮತ್ತೆ ಅವಳ ದನಿ ಬಂತು.

ಮಗಳು ನನ್ನ ತೋಳು ಹಿಡಿದು ಕಣ್ಣಿನಿಂದಲೇ ಕೇಳಿದಳು. ಇದು ಏನು? ನಾನು ತಲೆ ಅಲ್ಲಾಡಿಸಿದೆ. ನನಗೆ ಗೊತ್ತಿರಲಿಲ್ಲ. ಅಂದು ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಹಕ್ಕಿಯ ಹಿಂದೆ ಓಡುತ್ತಿದ್ದೆ. ನಾನು ಹೋದ ಮೇಲೆ ಅವಳು ಒಬ್ಬಳೇ ನಿಂತು ಮಾತಾಡಿದ್ದಳು. ಕಾವಲುಗಾರನ ಹೆಂಡತಿ ಅವಳು. ಇಲ್ಲಿ ಆಡಿದ ಮಾತು ವರ್ಷಕ್ಕೆ ಬರುತ್ತದೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ.

ದಾಕ್ಷಾಯಿಣಿ ಅರ್ಧ ಎದ್ದಿದ್ದಳು. ಮೂವತ್ತೊಂದು ವರ್ಷದಲ್ಲಿ ಎರಡನೆಯ ಸಲ ನಾನು ಕಾವಲಿನೊಳಗೆ ಬಾಯಿ ತೆರೆದು ಹೇಳಿದೆ. "ಹೋಗವ್ವ. ಹಕ್ಕಿ ಹೋದರ ಹೋಗಲಿ. ಹೋಗಿ ಕೇಳು."

ಅವಳು ಓಡಿದಳು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಹಕ್ಕಿ ಮೊಣಕಾಲು ಬಿಚ್ಚಿ ಅರ್ಧ ಎದ್ದಿತು. ಅವಳು ಅಲ್ಲಿಯೇ ನಿಂತಳು. ಎಷ್ಟೋ ಬಸುರಿ ಹೆಂಗಸರ ಹೆರಿಗೆ ಮಾಡಿಸಿದವಳು ಅವಳು. ಮೆಲ್ಲಗೆ, ಸೀರೆ ಒದ್ದೆಯಾಗುವುದನ್ನು ನೋಡದೆ, ಹುಲ್ಲಿನಲ್ಲಿ ಕುಳಿತುಬಿಟ್ಟಳು. ಹಕ್ಕಿಯೂ ಕುಳಿತಿತು. ಅವರಿಬ್ಬರ ನಡುವೆ ಚನ್ನಮಲ್ಲವ್ವನ ದನಿ ಇನ್ನೂ ಸ್ವಲ್ಪ ಹೊತ್ತು ಇದ್ದು ಮುಗಿಯಿತು.

ಬಾಗಿಲ ಹೊರಗೆ ಬಂದ ಮೇಲೆ ಕೇಳಿದೆ. "ಏನರ ತಿಳೀತೇನು?"

"ಇಲ್ಲ. ದನಿ ಕೇಳಸ್ತು. ಮಾತ ತಿಳೀಲಿಲ್ಲ."

"ಸಿಟ್ಟಿನಾಗ ಇದ್ದಳೇನು?"

ಅವಳು ಸೀರೆಗೆ ಹತ್ತಿದ ಹುಲ್ಲನ್ನು ಕೊಡವಿಕೊಂಡಳು. "ನಿನಗ ಸಮಾಧಾನ ಆಗ್ಲಿ ಅಂತ ಸುಳ್ಳ ಹೇಳೂದಿಲ್ಲಪ್ಪಾ. ತಿಳೀಲಿಲ್ಲ," ಎಂದು ದವಾಖಾನೆಯ ಕಡೆಗೆ ಹೋದಳು.

ಎಂಟು ದಿನದ ಮೇಲೆ ತತ್ತಿ ಒಡೆಯಿತು. ಮರಿ ಆ ದಿನವೇ ತಾಯಿಯ ಹಿಂದೆ ನಡೆದು ಹುಲ್ಲಿನಲ್ಲಿ ಮರೆಯಾಯಿತು. ದಸ್ತಗೀರ್ ಸಾಹೇಬರು ಬಂದು ಮತ್ತೆ ಪೇಢೆ ಹಂಚಿದರು. ಹುಲ್ಲು ಕೊಯ್ದವನು ನಾನೆಂದು ಅವರಿಗೆ ಹೇಳಿದೆ. ಅವರು ನಂಬದೆ ನಕ್ಕರು, ಆಮೇಲೆ ನಗಲಿಲ್ಲ. ಹಾರ ಹಾಕಲಿಲ್ಲ, ಕೇಸೂ ಹಾಕಲಿಲ್ಲ. ಬಸಲಿಂಗವ್ವನ ಕುಡಗೋಲನ್ನು ಅವಳ ಮನೆಗೇ ಹೋಗಿ ಕೊಟ್ಟು ಬಂದೆ.

ನನ್ನ ಕೋಲು ತರಲು ಹೊರಟ ದಿನ ದಾಕ್ಷಾಯಿಣಿ ಜೊತೆಗೆ ಬಂದಳು. ತತ್ತಿಯ ಚಿಪ್ಪು ಎರಡು ಹೋಳಾಗಿ ಬಿದ್ದಿತ್ತು. ಅವಳು ಚಿಪ್ಪನ್ನು ನೋಡಿದಳು, ಅವ್ವ ಅಂದು ಬುತ್ತಿ ಇಟ್ಟ ಕಲ್ಲನ್ನು ನೋಡಿದಳು. ಆಮೇಲೆ ಬಾಯಲ್ಲಿನ ಬೆಲ್ಲವನ್ನು ಅಂಗೈಗೆ ತೆಗೆದುಕೊಂಡು, ದೂರ ಹೋಗೆಂದು ನನಗೆ ಸನ್ನೆ ಮಾಡಿದಳು. ನಾನು ಜಾಲಿಯ ಗಿಡದವರೆಗೆ ಹೋಗಿ ಬೆನ್ನು ತಿರುಗಿಸಿ ನಿಂತೆ. ಅವಳು ಮಾತಾಡುತ್ತಿದ್ದಾಳೆಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಕರೆದಾಗ ಹೋದೆ. ಅವಳು ಕೋಲನ್ನು ನನ್ನ ಕೈಗೆ ಕೊಟ್ಟಳು. ಅಳತೆ ತೆಗೆದೆ. ಒಂದು ಗೇಣು ಒಂಬತ್ತು ಬೆರಳು.

ಹೊರಗೆ ಬಂದ ಮೇಲೆ, "ನನಗ ಅಂದದ್ದೇನವ್ವ?" ಎಂದು ಕೇಳಿದೆ.

"ನಿನಗ. ಬರೂ ವರ್ಷ ಹತ್ತಿರ ನಿಂತು ಕೇಳು. ಪುಸ್ತಕದಾಗ ಬರಿ."

ಬರೆದೆ. ಈಗ ನನ್ನ ನೌಕರಿ ಮುಗಿದಿದೆ. ಬಾಗಿಲಲ್ಲಿ ಬೇರೆಯವರು ಇದ್ದಾರೆ. ಜಾಲಿಯ ಗಿಡದ ಕೆಳಗೆ ನಾನು ಆಡಿದ ಮಾತನ್ನೂ ಅವರಿಗೆ ಹೇಳಿ ಬರೆಯಿಸಿದ್ದೇನೆ. ಮಗಳು ದಿನವೂ ಬರುವುದಿಲ್ಲ. ವಾರಕ್ಕೆ ಒಮ್ಮೆ ಬರುತ್ತಾಳೆ, ರೊಟ್ಟಿ ಮಾಡಿಟ್ಟು ಹೋಗುತ್ತಾಳೆ. ಅವಳು ಅಲ್ಲಿ ಏನು ಹೇಳಿರಬಹುದೆಂದು ಯೋಚಿಸುತ್ತೇನೆ. ನನ್ನ ಮಾತಿಗೆ ಸರಿಸಮನಾದ ಮಾತನ್ನೇ ಹೇಳಿರಬಹುದು. ಹೇಳಿದ್ದರೆ ಅದು ನ್ಯಾಯವೇ. ಈ ಮೈ ಅಲ್ಲಿಯವರೆಗೆ ನಡೆದೀತೇ, ನನಗೆ ತಿಳಿಯದು.

ಚೈತ್ರ ಮುಗಿಯುತ್ತ ಬಂತು. ಕಾವಲು ಇನ್ನೂ ಒಣಗಿ ಬೆಳ್ಳಗಿದೆ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಾಗ ನಾನು ಬೇಡುವುದು ಒಂದೇ. ಮಳೆ ಕೊಡು ತಂದೆ, ಒಂದು ಗೇಣು ಒಂಬತ್ತು ಬೆರಳಿಗೆ ಸಾಕಾಗುವಷ್ಟು ಕೊಡು.